ಎಡಕ್ಕೆ ಹೊಸೆದ ಆರ್‌ಎನ್‌ಎ



2022ರಲ್ಲಿ ಚರ್ಮಗಂಟು ರೋಗ ನಮ್ಮ ಗದಗ ಜಿಲ್ಲೆಗೂ ಬಂತು. ಶಿರಹಟ್ಟಿ, ಮುಂಡರಗಿ ಕಡೆ ದನ ಕಟ್ಟಿದವರಿಗೆ ಅದನ್ನು ನಾನು ಬಣ್ಣಿಸಬೇಕಿಲ್ಲ. ಆ ವೈರಸ್ಸು ಸಿಡುಬಿನ ಕುಲದ್ದು. ಆಡಿನ ಸಿಡುಬಿನ ಲಸಿಕೆಯನ್ನೇ ಆಗ ದನಗಳಿಗೆ ಹಾಕಿದ್ದು ಅದಕ್ಕೇ. ಇಂಥ ವೈರಸ್ಸು ಹೊಕ್ಕಿದ್ದು ಜೀವಕೋಶಕ್ಕೆ ಹೇಗೆ ತಿಳಿಯುತ್ತದೆ ಎಂಬುದೇ ಇವತ್ತಿನ ಮಾತು.

ಕೊರೊನಾ ಕಾಲದ ಆರ್‌ಟಿ-ಪಿಸಿಆರ್ ಎಲ್ಲರಿಗೂ ಗೊತ್ತು. ಅದು ವೈರಸ್ಸಿನ ಅಕ್ಷರಗಳನ್ನು ಹುಡುಕುತ್ತದೆ. ಯಾವ ವೈರಸ್ಸು ಬೇಕೆಂದು ನಾವೇ ಮೊದಲು ಹೇಳಬೇಕು. ಜೀವಕೋಶಕ್ಕೆ ಹಾಗೆ ಹೇಳುವವರು ಯಾರೂ ಇಲ್ಲ. ಅದು ಆಕಾರ ನೋಡುತ್ತದೆ. ನಮ್ಮ ಆರ್‌ಎನ್‌ಎ ಹೆಚ್ಚಾಗಿ ಒಂಟಿ ಎಳೆ. ವೈರಸ್ಸು ಬೆಳೆಯುವಾಗ ಉದ್ದನೆಯ ಜೋಡಿ ಎಳೆ ಹುಟ್ಟುತ್ತದೆ. ಸಿಡುಬಿನ ಕುಲದ್ದು ಡಿಎನ್‌ಎ ವೈರಸ್ಸಾದರೂ ಅಷ್ಟೇ: ಎರಡೂ ಎಳೆಗಳಿಂದ ಪ್ರತಿ ತೆಗೆಯುವಾಗ ಆ ಪ್ರತಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಈ ಜೋಡಿ ಎಳೆ ಸಾಮಾನ್ಯವಾಗಿ ಬಲಕ್ಕೆ ಸುತ್ತಿರುತ್ತದೆ. ಕೆಲವು ಕಡೆ ಮಾತ್ರ, ಎಡಗೈಯವರು ಹೊಸೆದ ಹಗ್ಗದ ಹಾಗೆ, ಎಡಕ್ಕೆ ತಿರುಗುತ್ತದೆ. ಡಿಎನ್‌ಎಯಲ್ಲಿ ಈ ರೂಪವನ್ನು 1979ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ರಿಚ್ ತಂಡ ಹರಳಿನಲ್ಲಿ ಕಂಡಿತು. ಅಂಕುಡೊಂಕಾಗಿ ಸಾಗುವ ಅದಕ್ಕೆ ಝಡ್-ಡಿಎನ್‌ಎ ಎಂಬ ಹೆಸರಾಯಿತು. ಆರ್‌ಎನ್‌ಎಯಲ್ಲೂ ಅದು ಉಂಟು. ಜೀವಕೋಶದ ಝಡ್‌ಬಿಪಿ1 ಎಂಬ ಪ್ರೋಟೀನು ಇದನ್ನು ಹಿಡಿದರೆ ಕೋಶ ತಾನೇ ಸಾಯುತ್ತದೆ. ವೈರಸ್ಸಿಗೆ ಬೆಳೆಯಲು ಜಾಗ ಉಳಿಯುವುದಿಲ್ಲ. ವೈರಸ್ಸೇನು ಕಡಿಮೆಯೇ? ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸೀನಿಯಾ ವೈರಸ್ಸು ಇ3 ಎಂಬ ಪ್ರೋಟೀನಿನಿಂದ ಈ ಎಡಸುತ್ತನ್ನು ಮರೆಮಾಡುತ್ತದೆ. ಆ ಪ್ರೋಟೀನಿನ ತುದಿಯ ಭಾಗ ತೆಗೆದಾಗ ಝಡ್-ಆರ್‌ಎನ್‌ಎ ಬಯಲಿಗೆ ಬಂದು ಕೋಶ ಸತ್ತದ್ದನ್ನು 2021ರ ಸಂಶೋಧನೆ ತೋರಿಸಿತು.

ಇದನ್ನು ಕಣ್ಣಿಗೆ ಕಾಣಿಸುವುದು ಪ್ರತಿಕಾಯಗಳು. ಜೋಡಿ ಎಳೆಗೆ ಜೆ2, ಎಡಸುತ್ತಿಗೆ ಝಡ್22. ಹೊಳೆಯುವ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆದರೆ ಪ್ರತಿಕಾಯವೇ ಎಳೆಯನ್ನು ಎಡಕ್ಕೆ ತಿರುಗಿಸಿತೇ ಎಂಬ ಅನುಮಾನ ಹಳೆಯದು. ಆದ್ದರಿಂದ ಸೋಂಕಿಲ್ಲದ ಕೋಶವನ್ನೂ ಪಕ್ಕಕ್ಕಿಟ್ಟು ನೋಡಬೇಕು. ಆರ್‌ಎನ್‌ಎ ಕತ್ತರಿಸುವ ಕಿಣ್ವ ಹಾಕಿದರೆ ಹೊಳಪು ಆರಬೇಕು, ಡಿಎನ್‌ಎ ಕತ್ತರಿಸುವುದನ್ನು ಹಾಕಿದರೆ ಉಳಿಯಬೇಕು. ಇಷ್ಟಿಲ್ಲದ ಚಿತ್ರ ಎಷ್ಟೇ ಚೆಂದವಿರಲಿ, ನಾನಂತೂ ನಂಬುವುದಿಲ್ಲ.

ಇದೆಲ್ಲ ಇನ್ನೂ ಪ್ರಯೋಗಾಲಯದ ಕೆಲಸ. ದನದ ರೋಗ ಖಚಿತಪಡಿಸಲು ಇಂದಿಗೂ ಪಿಸಿಆರ್ ಬೇಕು. ಮೈಮೇಲೆ ಗಂಟು ಕಂಡ ದನವನ್ನು ಬೇರೆ ಕಟ್ಟಿರಿ, ನೊಣ-ಸೊಳ್ಳೆ ಹತ್ತಿರ ಬಿಡಬೇಡಿರಿ, ಅಂದೇ ಪಶು ಆಸ್ಪತ್ರೆಗೆ ತಿಳಿಸಿರಿ.