ಸಕ್ಕರೆಗಿಂತ ಚುರುಕಾದ ಶತ್ರು
(ಸಂಘದ ಸ್ಥಾಪನಾ ದಿನದಂದು ಮಾಡಿದ ಭಾಷಣ)



ಹೋಳಿಗೆ ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತೇ ಎಂದು ತಾವು ಬೇಸರಿಸಬಾರದು. "ನಾನು ಆರಾಮವಾಗಿದ್ದೇನೆ, ಪರೀಕ್ಷೆ ಯಾಕೆ?" ಎನ್ನುವವರು ನಮ್ಮಲ್ಲಿ ಬಹಳ. ಅವರಿಗಾಗಿ ಈ ನಾಲ್ಕು ಮಾತು.

ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದು ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಕೂಡಿಕೊಳ್ಳುವುದರಿಂದ. ಫ್ರಾನ್ಸಿನ ಮಯ್ಯಾರ್ ಎಂಬ ವಿಜ್ಞಾನಿ ಈ ಬಗೆಯ ಕ್ರಿಯೆಯನ್ನು 1912ರಲ್ಲಿ ವರ್ಣಿಸಿದರು. ನಮ್ಮ ರಕ್ತದಲ್ಲೂ ಬೆಂಕಿಯಿಲ್ಲದೆ, ಮೆಲ್ಲಗೆ ಇದೇ ನಡೆಯುತ್ತದೆ. ಆದರೆ ಗ್ಲೂಕೋಸ್ ಸ್ವಭಾವತಃ ಸೋಮಾರಿ. ಅದಕ್ಕಿಂತ ಸಾವಿರಾರು ಪಟ್ಟು ಚುರುಕಾದದ್ದು ಮೀಥೈಲ್‌ಗ್ಲೈಆಕ್ಸಾಲ್ ಎಂಬ ವಸ್ತು.

ಇದು ಬಹುಪಾಲು ನಮ್ಮ ಮೈಯೊಳಗೇ ಹುಟ್ಟುತ್ತದೆ. ಜೀವಕೋಶವು ಗ್ಲೂಕೋಸನ್ನು ಒಡೆದು ಶಕ್ತಿ ಪಡೆಯುವಾಗ, ನಡುದಾರಿಯಲ್ಲಿ ಮೂರು ಇಂಗಾಲದ ತುಣುಕುಗಳು ಉಂಟಾಗುತ್ತವೆ. ಅವುಗಳಲ್ಲಿ ಅತ್ಯಲ್ಪ ಭಾಗ ದಾರಿ ತಪ್ಪಿ ಮೀಥೈಲ್‌ಗ್ಲೈಆಕ್ಸಾಲ್ ಆಗುತ್ತದೆ. ಇದೇ ಮುಖ್ಯ ಮೂಲ. ಇನ್ಸುಲಿನ್ ತೀರಾ ಕಡಿಮೆಯಾಗಿ ಕೊಬ್ಬು ಕರಗಿದಾಗ ಬರುವ ಅಸಿಟೋನ್ ಎರಡನೆಯದು. ಥ್ರಿಯೋನಿನ್ ಎಂಬ ಅಮೈನೋ ಆಮ್ಲ ಮೂರನೆಯದು. ಇದಲ್ಲದೆ, ಪ್ರೋಟೀನಿಗೆ ಅಂಟಿದ ಸಕ್ಕರೆಯೂ ಮುರಿದು ಇಂಥ ಬೇರೆ ಚುರುಕು ವಸ್ತುಗಳನ್ನು ಹೊರಬಿಡುತ್ತದೆ.

ದೇವರ ದಯೆಯಿಂದ ಮೈಯಲ್ಲಿ ಕಾವಲುಗಾರನೂ ಇದ್ದಾನೆ. ಗ್ಲೈಆಕ್ಸಲೇಸ್ ಎಂಬ ಕಿಣ್ವಗಳು ಗ್ಲುಟಾಥಯೋನ್ ಸಹಾಯದಿಂದ ಈ ವಿಷವನ್ನು ನಿರುಪದ್ರವಿಯಾಗಿಸುತ್ತವೆ. ಮಧುಮೇಹದಲ್ಲಿ ಹುಟ್ಟುವುದು ಹೆಚ್ಚಾಗಿ, ಕಾವಲು ಸೋಲುತ್ತದೆ. ಕಣ್ಣಿನ ರಕ್ತನಾಳ, ಮೂತ್ರಪಿಂಡ, ನರಗಳ ಜೀವಕೋಶಗಳು ಒಳನುಗ್ಗುವ ಗ್ಲೂಕೋಸಿಗೆ ಬಾಗಿಲು ಹಾಕಲಾರವು. ಪೆಟ್ಟು ಬೀಳುವುದು ಅಲ್ಲೇ. ನೋವಿಲ್ಲ, ಸುಳಿವಿಲ್ಲ.

ಈ ವಸ್ತುಗಳಿಂದಾಗುವ ಹಾನಿಯನ್ನು ತಡೆಯಲು ಅಮಿನೋಗ್ವಾನಿಡಿನ್ ಎಂಬ ಔಷಧವನ್ನು ಪ್ರಯೋಗಿಸಿದರು. ಅದು ಬಳಕೆಗೆ ಬರಲಿಲ್ಲ. ಆದ್ದರಿಂದ ಮೂಲವನ್ನೇ ತಗ್ಗಿಸುವುದು, ಅಂದರೆ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ನಮಗಿರುವ ದಾರಿ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಮಧುಮೇಹಿಗಳಾದ 1,441 ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂತು. ಬಿಗಿಯಾದ ಹತೋಟಿಯಿಂದ, ಕಣ್ಣಿನ ರೆಟಿನಾ ರೋಗ ಹೊಸದಾಗಿ ತಲೆದೋರುವ ಅಪಾಯ ಶೇಕಡಾ 76ರಷ್ಟು ಇಳಿದಿತ್ತು. ಟೈಪ್ 2 ಮಧುಮೇಹದಲ್ಲೂ ಹತೋಟಿಯಿಂದ ಸಣ್ಣ ರಕ್ತನಾಳಗಳಿಗೆ ರಕ್ಷಣೆಯಿದೆ ಎಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು.

ನಮ್ಮ ಭಾರತೀಯ ಮೈಗೆ ಇನ್ನೊಂದು ಎಚ್ಚರಿಕೆ. ತೂಕ ಹೆಚ್ಚಿಲ್ಲದಿದ್ದರೂ ನಮಗೆ ಈ ಕಾಯಿಲೆ ಬೇಗ ಬರುತ್ತದೆ. ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್, ಏಷ್ಯನ್ನರ ತಪಾಸಣೆಗೆ ಬಿಎಂಐ ಮಿತಿಯನ್ನು 25ರ ಬದಲು 23ಕ್ಕೆ ಇಳಿಸಿದೆ. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುತ್ತದೆ. 5.7ರಿಂದ 6.4 ಬಂದರೆ ಎಚ್ಚರಿಕೆ, 6.5 ಮುಟ್ಟಿದರೆ ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ.

ಹೋಳಿಗೆ ತಿನ್ನಿ, ಒಂದೇ ಸಾಕು. ಆದರೆ "ಆರಾಮವಾಗಿದ್ದೇನೆ" ಎಂಬ ಮಾತನ್ನು ನಿಮ್ಮ ಬಾಯಿಯಲ್ಲ, ನಿಮ್ಮ ರಕ್ತ ಹೇಳಲಿ.