ನೆಗೆಟಿವ್ ಕತ್ತರಿಸಿದ ಕೈಗಳು

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣ ಕೊಲ್ಹಾಪುರದಲ್ಲಿ ನಡೆಯಿತೆಂಬುದನ್ನೂ, ಮುಂದೆ ಹಲವು ದಶಕಗಳ ಕಾಲ ಕನ್ನಡ ಚಿತ್ರಗಳ ಬಹುಪಾಲು ಕೆಲಸ ಮದರಾಸಿನ ಸ್ಟುಡಿಯೊ, ಲ್ಯಾಬುಗಳಲ್ಲಿ ಸಾಗಿತೆಂಬುದನ್ನೂ ಚಿತ್ರರಂಗದ ಚರಿತ್ರೆಗಳು ದಾಖಲಿಸಿವೆಯಾದರೂ, ಅಲ್ಲಿ ದುಡಿದ ತಂತ್ರಜ್ಞರ ನೆನಪುಗಳಿಗೆ ತಾರೆಯರ ಜೀವನಕಥೆಗಳಿಗೆ ಸಿಕ್ಕ ಗಮನ ಸಿಕ್ಕಿಲ್ಲ. ಅವರಲ್ಲಿ ನೆಗೆಟಿವ್ ಕಟರ್‌ಗಳು, ಎಂದರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮನ್ನು ಸಂಕಲನಕಾರನ ತೀರ್ಮಾನದಂತೆ ಕತ್ತರಿಸಿ ಜೋಡಿಸುವವರು, ಬಹಳ ಮರೆಯಲ್ಲಿ ಉಳಿದವರು. ಸಂಕಲನಕಾರನ ಕತ್ತರಿ ಆಡುತ್ತಿದ್ದುದು ವರ್ಕ್ ಪ್ರಿಂಟ್ ಎಂಬ ನಕಲಿನ ಮೇಲೆ. ಅಲ್ಲಿ ತಪ್ಪಾದರೆ ಟೇಪು ಅಂಟಿಸಿ ಸರಿಪಡಿಸಬಹುದಿತ್ತು. ಮೂಲದ ಮಾತು ಹಾಗಲ್ಲ. ಬಿಳಿಯ ಹತ್ತಿಯ ಕೈಗವಸು ತೊಟ್ಟು, ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಸಂಖ್ಯೆಗಳನ್ನು ನಕಲಿನ ಸಂಖ್ಯೆಗಳೊಡನೆ ತಾಳೆ ನೋಡಿ, ಕತ್ತರಿಸಿದ ತುದಿಯ ಲೇಪವನ್ನು ಕೆರೆದು, ಸಿಮೆಂಟ್ ಎಂದು ಕರೆಯುವ ದ್ರಾವಣ ಹಚ್ಚಿ ಒತ್ತಿ ಹಿಡಿಯುವ ಈ ಕೆಲಸದಲ್ಲಿ ಜೋಡಣೆಯ ಅಂಚಿನ ಫ್ರೇಮ್ ನಷ್ಟವಾಗುತ್ತಿದ್ದುದರಿಂದ, ಒಮ್ಮೆ ಕತ್ತರಿ ಬಿದ್ದ ಮೇಲೆ ಹಿಂದಿರುಗುವ ದಾರಿಯಿರಲಿಲ್ಲ. 35 ಮಿ.ಮೀ. ಫಿಲ್ಮಿನ ಒಂದಡಿಯಲ್ಲಿ 16 ಫ್ರೇಮುಗಳಿದ್ದು, ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುವುದರಿಂದ, ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ 13,500 ಅಡಿ ಫಿಲ್ಮು ಈ ಬೆರಳುಗಳ ನಡುವೆ ಹಾಯುತ್ತಿತ್ತು.

ಡಿಜಿಟಲ್ ತಂತ್ರಜ್ಞಾನ ಬಂದು ವೃತ್ತಿಯೇ ಮರೆಯಾದ ಮೇಲೆ ಈ ಜ್ಞಾನ ಉಳಿದಿರುವುದು ವಯಸ್ಸಾದ ತಂತ್ರಜ್ಞರ ನೆನಪಿನಲ್ಲಿ. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಫಿಲ್ಮಿನ ಸುರುಳಿಗಳನ್ನು ಕಾಪಾಡುತ್ತ ಬಂದಿದೆ. ಆ ಸುರುಳಿಗಳನ್ನು ಕಟ್ಟಿದವರ ಕೂಲಿ, ಪಾಳಿ, ಬಿಡುಗಡೆಯ ಮುನ್ನಾದಿನಗಳ ನಿದ್ದೆಗೆಟ್ಟ ರಾತ್ರಿಗಳು ಅವರದೇ ಮಾತಿನಲ್ಲಿ, ಮೌಖಿಕ ಚರಿತ್ರೆಯಾಗಿ, ಅವರಿರುವಾಗಲೇ ಧ್ವನಿಮುದ್ರಣಗೊಳ್ಳಬೇಕಾಗಿದೆ.