ಹದಿನೆಂಟು ಮೆಟ್ಟಿಲುಗಳ ಲೆಕ್ಕ



ಮಾಲೆ ಧರಿಸಿ ಶಬರಿಮಲೆಗೆ ಹೋಗಿಬಂದವರು ಮಲೆನಾಡಿನ ಊರೂರಲ್ಲಿಯೂ ಇದ್ದಾರೆ. ಆದಕಾರಣ ಬೃಹತ್ ಜನಸಮೂಹಕ್ಕಾಗಿ ಒಂದು ಸ್ಥಳವನ್ನು ಅಣಿಗೊಳಿಸುವುದು ಹೇಗೆಂಬ ವಿಚಾರವನ್ನು ಆ ಬೆಟ್ಟದಿಂದಲೇ ಆರಂಭಿಸುವುದು ಸೂಕ್ತ.

2011ರ ಜನವರಿ 14ರ ರಾತ್ರಿ ಮಕರಜ್ಯೋತಿಯನ್ನು ಕಂಡು ಪುಲ್ಲುಮೇಡಿನ ಕಾಡುದಾರಿಯಲ್ಲಿ ಮರಳುತ್ತಿದ್ದವರ ಪೈಕಿ ನೂರಕ್ಕೂ ಹೆಚ್ಚು ಮಂದಿ ನೂಕುನುಗ್ಗಲಿನಲ್ಲಿ ಮಡಿದರು. ಕನ್ನಡಿಗರೂ ಅವರಲ್ಲಿದ್ದರು. 1999ರಲ್ಲಿ, ಅದೇ ಮಕರಸಂಕ್ರಮಣದ ದಿನ, ಪಂಪೆಯ ಬಳಿ 50ಕ್ಕೂ ಮಿಕ್ಕಿ ಜನ ಅಸುನೀಗಿದ್ದರು. ಎರಡೂ ಸಲ ಸಾವು ಬಂದದ್ದು ದೇಗುಲದ ಮುಂದಲ್ಲ, ಬೆಟ್ಟದ ಇಳಿಜಾರಿನಲ್ಲಿ. ಬರುವವರು ದಿನಗಟ್ಟಲೆ ಚದುರಿ ಬರುತ್ತಾರೆ. ಜ್ಯೋತಿ ಕಂಡೊಡನೆ ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಡುತ್ತಾರೆ. ಸಿದ್ಧತೆಯಾದರೋ ಬಹುಪಾಲು ಸ್ವಾಗತ ಕಮಾನಿನ ಕಡೆಗೇ ಇರುತ್ತದೆ! ಇಂತಹ ದುರಂತಕ್ಕೆ ಕಾಲ್ತುಳಿತವೆಂಬ ಹೆಸರು ರೂಢಿಯಲ್ಲಿದ್ದರೂ ತುಳಿತಕ್ಕಿಂತ ಹೆಚ್ಚಾಗಿ ಕೊಲ್ಲುವುದು ಒತ್ತಡ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಒತ್ತಿ ನಿಂತರೆ ಯಾರೂ ತಮ್ಮ ಇಚ್ಛೆಯಂತೆ ಚಲಿಸಲಾರರು. ಎದೆ ಹಿಗ್ಗದೆ, ನಿಂತಲ್ಲಿಯೇ ಉಸಿರು ಕಟ್ಟುತ್ತದೆ.

ಈಗ ಸ್ಥಳದ ಲೆಕ್ಕಕ್ಕೆ ಬರೋಣ. ಸನ್ನಿಧಾನಕ್ಕೆ ಇರುವುದು ಹದಿನೆಂಟು ಮೆಟ್ಟಿಲುಗಳ ಕಿರಿದಾದ ಒಂದೇ ಸೋಪಾನ. ನಿಮಿಷಕ್ಕೆ 75 ಜನರನ್ನು ಹತ್ತಿಸಿದರೆಂದು ಇಟ್ಟುಕೊಂಡರೂ ಗಂಟೆಗೆ 4,500. ದಿನಕ್ಕೆ 18 ಗಂಟೆ ಬಾಗಿಲು ತೆರೆದಿದ್ದರೂ 81,000. ಕೆಳಗೆ ಕಾಡು ಕಡಿದು ಎಷ್ಟು ಅಗಲದ ರಸ್ತೆ ಮಾಡಿದರೂ, ಎಷ್ಟು ಎಕರೆ ವಾಹನ ನಿಲ್ದಾಣ ಹಾಸಿದರೂ ಈ ಸಂಖ್ಯೆ ಒಂದರಷ್ಟೂ ಏರದು. ಕಾಯುವವರ ಸಾಲು ಮಾತ್ರ ಬೆಳೆಯುತ್ತದೆ. ಆ ಕಾಡು ಪೆರಿಯಾರ್ ಹುಲಿ ರಕ್ಷಿತಾರಣ್ಯದ್ದು. 2018ರ ಆಗಸ್ಟ್ ಪ್ರವಾಹದಲ್ಲಿ ಪಂಪೆ ತನ್ನ ದಡದ ಕಟ್ಟಡಗಳನ್ನು ಕೆಡವಿದ ಮೇಲೆಯೇ ವಾಹನಗಳ ನೆಲೆ ನಿಲಕ್ಕಲ್‌ಗೆ ಸ್ಥಳಾಂತರವಾಯಿತು.

ಸಾಲನ್ನು ಬೆಟ್ಟದ ಮೇಲಿನಿಂದ ಮನೆಯಂಗಳಕ್ಕೆ ಸಾಗಿಸುವುದೇ ವರ್ಚುವಲ್ ಕ್ಯೂವಿನ ತಿರುಳು. 2024ರ ಯಾತ್ರೆಗೆ ದಿನವೊಂದಕ್ಕೆ 70,000 ಮುಂಗಡ ನೋಂದಣಿಯ ಮಿತಿ ಹಾಕಲಾಯಿತು. ಮೇಲಿನ ಗುಣಾಕಾರದ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಆದರೆ ಚೀಟಿಯಿಲ್ಲದೆ ಬಂದವನನ್ನು ತಡೆಯುವ ತಾಣ ಕೆಳಗೇ ಇಲ್ಲದಿದ್ದರೆ ಕಂಪ್ಯೂಟರಿನ ಅಂಕಿ ಕಂಪ್ಯೂಟರಿನಲ್ಲಿಯೇ ಉಳಿಯುತ್ತದೆ. ಸಾವಿರಾರು ಮೊಬೈಲುಗಳು ಒಂದೇ ಗೋಪುರಕ್ಕೆ ಮುಗಿಬಿದ್ದಾಗ ಕರೆಯೇ ಹೋಗದು. ಆಗ ನೆರವಿಗೆ ಬರುವುದು ವೈರ್‌ಲೆಸ್, ಧ್ವನಿವರ್ಧಕ ಮತ್ತು ಬ್ಯಾಟರಿಯ ದೀಪ. ಹಲವು ಭಾಷೆಗಳ ಜನ ಸೇರುವಲ್ಲಿ ಘೋಷಣೆಯೂ ಆ ಭಾಷೆಗಳಲ್ಲಿರಬೇಕು.

ಊರ ಬೆಟ್ಟದ ಜಾತ್ರೆಗೂ ಈ ಗಣಿತ ಬೇರೆಯಲ್ಲ. ದಾರಿಯ ಅತ್ಯಂತ ಇಕ್ಕಟ್ಟಾದ ಜಾಗ ಯಾವುದೆಂದು ಊರಿನ ದನಗಾಹಿಗೆ ಗೊತ್ತು. ಅಲ್ಲಿ ಗಡಿಯಾರ ಹಿಡಿದು ನಿಂತು, ನಿಮಿಷಕ್ಕೆ ಎಷ್ಟು ಮಂದಿ ಹಾಯುತ್ತಾರೆಂದು ಶಾಲಾ ಮಕ್ಕಳೂ ಎಣಿಸಬಲ್ಲರು. ರಸ್ತೆ ಅಗಲಿಸುವ ಅರ್ಜಿ ಪಂಚಾಯಿತಿಗೆ ಬಂದ ದಿನ ಆ ಎಣಿಕೆಯ ಪುಸ್ತಕ ಮೇಜಿನ ಮೇಲಿರಲಿ.